ಕೆಂಪು ಸಮುದ್ರದ ಬಾಂಬೂ ಸಕಲೇಶಪುರದ ಕಾಫಿಯೂ

"ಯಾರದೋ ಜಗಳಕ್ಕೆ ಸೈನ್ಯ ಯಾಕೆ ಕಳಿಸಬೇಕು?" ಸಕಲೇಶಪುರ, ಮೂಡಿಗೆರೆ ಕಡೆ ಈ ಪ್ರಶ್ನೆಯನ್ನು ಕಾಫಿ ಮೂಟೆ ಮುಂದಿಟ್ಟುಕೊಂಡೇ ನೋಡಬೇಕು. ನಮ್ಮ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹದವಾದ ಬೀಜ ಮಂಗಳೂರಿನಲ್ಲಿ ಹಡಗು ಹತ್ತಿ, ಸೂಯೆಜ್ ದಾಟಿ ಇಟಲಿ ಸೇರುತ್ತದೆ. 2023ರ ನವೆಂಬರ್‌ನಿಂದ ಯೆಮನ್‌ನ ಸಶಸ್ತ್ರ ಬಂಡುಕೋರರಾದ ಹೌತಿಗಳು, ಸೂಯೆಜ್ ದಾರಿಯ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬಿದ್ದರು. ಕಂಟೇನರ್ ಹಡಗುಗಳು ಆಫ್ರಿಕಾ ಸುತ್ತತೊಡಗಿದವು: 10ರಿಂದ 14 ದಿನ ಹೆಚ್ಚು, ಬಾಡಿಗೆ ಹೆಚ್ಚು, ಖಾಲಿ ಕಂಟೇನರ್ ವಾಪಸ್ ಬರುವುದೂ ತಡ. ಹಾಗಾಗಿ ಮಧ್ಯಪ್ರವೇಶ ಬೇಕು ಅನ್ನುವವರ ಮಾತು ಪೊಳ್ಳಲ್ಲ.

ಆದರೆ 2024ರ ಜನವರಿಯಲ್ಲಿ ಅಮೆರಿಕ, ಬ್ರಿಟನ್ ಯೆಮನ್ ಮೇಲೆ ಬಾಂಬ್ ಹಾಕಿದರೂ ದಾಳಿ ನಿಲ್ಲಲಿಲ್ಲ. ಹೌತಿಗಳ ಲಾರಿಯ ಮೇಲಿನ ಕ್ಷಿಪಣಿ ಉಡಾವಣಾ ಯಂತ್ರ ಬೆಟ್ಟದ ಸಂದಿಯಲ್ಲಿ ಅಡಗುತ್ತದೆ. ಅಗ್ಗದ ಡ್ರೋನ್ ಹೊಡೆಯಲು ದುಬಾರಿ ಕ್ಷಿಪಣಿ ಬೇಕು. ಹತ್ತರಲ್ಲಿ ಒಂದು ತಪ್ಪಿಸಿಕೊಂಡರೂ ವಿಮೆ ಕಂತು ಏರುತ್ತದೆ.

ಹಡಗು ಕಾಯಲು ಅಮೆರಿಕ ಕಟ್ಟಿದ ನೌಕಾ ಒಕ್ಕೂಟವನ್ನು ಭಾರತ ಸೇರಲಿಲ್ಲ. ಅರಬ್ಬೀ ಸಮುದ್ರದಲ್ಲಿ ತನ್ನದೇ ಕಾವಲಿಟ್ಟಿತು. 2024ರ ಮಾರ್ಚ್‌ನಲ್ಲಿ ನಮ್ಮ ಯುದ್ಧನೌಕೆ ಐಎನ್‌ಎಸ್ ಕೋಲ್ಕತಾ ಸುಮಾರು 40 ಗಂಟೆಯ ಕಾರ್ಯಾಚರಣೆಯಲ್ಲಿ, ಸೊಮಾಲಿ ಕಡಲ್ಗಳ್ಳರು ಅಪಹರಿಸಿದ್ದ 'ರುಯೆನ್' ಹಡಗಿನ 17 ಜನರನ್ನು ಬಿಡಿಸಿತು, 35 ಕಡಲ್ಗಳ್ಳರು ಶರಣಾದರು. 1988ರಲ್ಲಿ ದಂಗೆ ಅಡಗಿಸಲು ನಮ್ಮ ಸೈನ್ಯ ಮಾಲ್ಡೀವ್ಸ್‌ಗೆ ಹೋದಾಗಲೂ ಕೆಲಸ ಇಷ್ಟೇ ಎಂದು ಗೊತ್ತಿತ್ತು; ಅಲ್ಲಿನ ಸರ್ಕಾರವೇ ಕರೆದಿತ್ತು.

ಶ್ರೀಲಂಕಾ ಬೇರೆ ಕಥೆ. 1987ರಲ್ಲಿ ಶಾಂತಿ ಕಾಯಲು ಹೋದ ನಮ್ಮ ಸೈನಿಕರು ಕೆಲವೇ ತಿಂಗಳಲ್ಲಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಯುದ್ಧಕ್ಕೆ ಇಳಿದರು. ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರಲ್ಲಿ ವಾಪಸ್. ಕರೆದ ಸರ್ಕಾರವೇ ಬದಲಾಗಿ, ಹೊಸಬರು "ಹೊರಡಿ" ಅಂದಿದ್ದರು.