ಕಂಟ್ರೋಲ್ ಪ್ಲೇಟು ಸುಮ್ನೆ ಕೂತಿರಲಿಲ್ಲ

ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಬೆಂಗಳೂರಿನ ಒಂದು ಲ್ಯಾಬ್. ಗಾಜಿನ ಸ್ಲೈಡ್ ಮೇಲೆ ಮೂಳೆಯ ಕೋಶಗಳನ್ನು ಬೆಳೆಸುವುದು, ಅವುಗಳ ಮೇಲೆ ಪಂಪಿನಿಂದ ದ್ರವ ಹರಿಸುವುದು, ಆಮೇಲೆ ಅವು ಏನೇನು ಹೊರಗೆ ಬಿಟ್ಟಿವೆ ಅಂತ ಅಳೆಯುವುದು. ಇಷ್ಟೇ ನನ್ನ ಕೆಲಸ. ಊರಿಗೆ ಹೋದಾಗ ಅಮ್ಮನಿಗೆ "ಮೂಳೆಗೆ ನೀರು ಬಿಡೋ ಕೆಲಸ" ಅಂದಿದ್ದೆ. "ಅದಕ್ಕೂ ಸಂಬಳ ಕೊಡ್ತಾರಾ?" ಅಂತ ಕೇಳಿದ್ದರು. ಆ ನಾಲ್ಕನೇ ತಿಂಗಳಲ್ಲಿ ನನಗೂ ಅದೇ ಅನುಮಾನ ಬಂದಿತ್ತು.

ಯಾಕೆಂದರೆ ಲೆಕ್ಕ ಕೂಡುತ್ತಿರಲಿಲ್ಲ. ದ್ರವ ಹರಿಸಿದ ಕೋಶಗಳು ಪ್ರೊಸ್ಟಾಗ್ಲಾಂಡಿನ್ ಇ2 ಅನ್ನೋ ವಸ್ತುವನ್ನು ಜಾಸ್ತಿ ಬಿಡಬೇಕು. ಹರಿಸದೆ ಬಿಟ್ಟ ಕೋಶಗಳು, ಅಂದರೆ ಕಂಟ್ರೋಲ್, ಕಡಿಮೆ ಬಿಡಬೇಕು. ಎಷ್ಟೋ ಲ್ಯಾಬ್‌ಗಳು ಇದನ್ನು ನೋಡಿಯಾಗಿದೆ, ಹೊಸ ವಿಷಯವೇನಲ್ಲ. ನನ್ನ ಗ್ರಾಫಿನಲ್ಲಿ ಮಾತ್ರ ಎರಡೂ ಕಂಬಗಳು ಅವಳಿ ಮಕ್ಕಳ ಹಾಗೆ ಸಮಕ್ಕೆ ನಿಂತಿರುತ್ತಿದ್ದವು. ಒಂದು ದಿನವಂತೂ ಕಂಟ್ರೋಲೇ ಮೇಲಿತ್ತು.

ಇಲ್ಲಿ ಸ್ವಲ್ಪ ಮೂಳೆಯ ಒಳಗೆ ಹೋಗಿ ಬರಬೇಕು.

ಮೂಳೆ ಕಟ್ಟುವ ಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಅನ್ನುತ್ತಾರೆ. ಅವುಗಳಲ್ಲಿ ಕೆಲವು ಗೋಡೆ ಕಟ್ಟುತ್ತಾ ಕಟ್ಟುತ್ತಾ ಅದರೊಳಗೇ ಸಿಕ್ಕಿಕೊಳ್ಳುತ್ತವೆ. ಗಾರೆಯವನು ತನ್ನ ಸುತ್ತಲೇ ಇಟ್ಟಿಗೆ ಇಟ್ಟುಕೊಂಡ ಹಾಗೆ. ಹೀಗೆ ಒಳಗೆ ಉಳಿದವೇ ಆಸ್ಟಿಯೋಸೈಟ್. ದೊಡ್ಡವರ ಮೂಳೆಯಲ್ಲಿರುವ ಕೋಶಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಇವೇ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 4,200 ಕೋಟಿ ಇವೆ ಅಂತ ಅಂದಾಜು. ಪ್ರತಿಯೊಂದೂ ಒಂದು ಸಣ್ಣ ಗುಳಿಯಲ್ಲಿ ಕೂತು, ಕೂದಲಿಗಿಂತ ಎಷ್ಟೋ ಸಪೂರವಾದ ಕಾಲುವೆಗಳಲ್ಲಿ ಬೇರಿನ ಹಾಗೆ ಕೈ ಚಾಚಿ ಪಕ್ಕದವರನ್ನು ಮುಟ್ಟಿಕೊಂಡಿರುತ್ತದೆ. ಆ ಕಾಲುವೆಗಳ ತುಂಬ ದ್ರವ.

ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕ ಹಾಗೆ ಬದಲಾಗುತ್ತದೆ ಅಂತ ಜರ್ಮನಿಯ ಸರ್ಜನ್ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಸರಿ, ಆದರೆ ಭಾರ ಬಿತ್ತು ಅಂತ ಒಳಗಿರುವ ಕೋಶಕ್ಕೆ ಗೊತ್ತಾಗೋದು ಹೇಗೆ? ನಡೆದಾಗ, ಓಡಿದಾಗ ಮೂಳೆ ಬಗ್ಗುತ್ತದೆ ನಿಜ, ಆದರೆ ತೀರಾ ಕಡಿಮೆ. ಮಾಮೂಲಿ ಓಡಾಟದಲ್ಲಿ ಅದರ ಉದ್ದ ನೂರಕ್ಕೆ 0.1ರಷ್ಟು ಬದಲಾದರೆ ಅದೇ ದೊಡ್ಡದು. ತೊಡೆ ಮೂಳೆಯಷ್ಟು ಉದ್ದಕ್ಕೆ ಅರ್ಧ ಮಿಲಿಮೀಟರ್ ಕೂಡ ಆಗುವುದಿಲ್ಲ. ಅದೇ ಕೋಶಗಳನ್ನು ರಬ್ಬರ್ ಹಾಳೆಯ ಮೇಲೆ ಬೆಳೆಸಿ ಎಳೆದರೆ, ನೂರಕ್ಕೆ 1ರಷ್ಟಾದರೂ ಎಳೆಯದೆ ಅವು ತಿರುಗಿ ನೋಡುವುದಿಲ್ಲ. ಹತ್ತುಪಟ್ಟು ವ್ಯತ್ಯಾಸ. ಎಲ್ಲೋ ಮಧ್ಯೆ ಯಾರೋ ಸದ್ದು ದೊಡ್ಡದು ಮಾಡುತ್ತಿರಬೇಕು, ಅಲ್ವಾ?

ಕೆಸರುಗದ್ದೆಯಲ್ಲಿ ಕಾಲಿಟ್ಟರೆ ಪಾದದ ಸುತ್ತ ನೀರು ಜರುಗುತ್ತದಲ್ಲ, ಮೂಳೆಯಲ್ಲೂ ಹಾಗೇ. ಒಂದು ಕಡೆ ಒತ್ತಿದಾಗ ಕಾಲುವೆಯ ದ್ರವ ಇನ್ನೊಂದು ಕಡೆಗೆ ಓಡುತ್ತದೆ. ಓಡುವಾಗ ಕೋಶದ ಕೈಗಳನ್ನು ಉಜ್ಜಿಕೊಂಡು, ಎಳೆದುಕೊಂಡು ಹೋಗುತ್ತದೆ. ಈ ಉಜ್ಜಾಟ ಎಷ್ಟಿರಬಹುದು ಅಂತ 1994ರಲ್ಲಿ ನ್ಯೂಯಾರ್ಕಿನ ವೈನ್‌ಬಾಮ್, ಕೋವಿನ್, ಜೆಂಗ್ ಲೆಕ್ಕ ಹಾಕಿದರು. ಚದರ ಸೆಂಟಿಮೀಟರಿಗೆ 8ರಿಂದ 30 ಡೈನ್ (ಡೈನ್ ಅಂದರೆ ಬಲದ ಒಂದು ಸಣ್ಣ ಅಳತೆ). ನಮ್ಮ ಪಂಪು ಹರಿಸುತ್ತಿದ್ದದ್ದು 16 ಡೈನ್. ಲ್ಯಾಬಿನಲ್ಲಿ ಮೂಳೆಕೋಶಕ್ಕೆ "ನೀರು ಬಿಡೋದು" ಯಾಕೆ ಅಂತ ಈಗ ಗೊತ್ತಾಯಿತಲ್ಲ.

ವಾಪಸ್ ನನ್ನ ಗೋಳಿಗೆ ಬರೋಣ.

ಮೊದಲು ಪ್ರೊಸ್ಟಾಗ್ಲಾಂಡಿನ್ ಅಳೆಯುವ ಕಿಟ್ ಮೇಲೆ ಗೂಬೆ ಕೂರಿಸಿದೆ. ಹೊಸ ಕಿಟ್ ತರಿಸಿದರೂ ಅದೇ ಕಥೆ. ಆಮೇಲೆ ಪಂಪು. ಅಳೆದು ನೋಡಿದರೆ ಅದು ಸರಿಯಾಗೇ ಇತ್ತು. ಆಮೇಲೆ ಕೋಶಗಳು. ನಾವು ಬಳಸುವುದು ಎಂಎಲ್‌ಒ-ವೈ4 ಅನ್ನೋ ಇಲಿಯ ಕೋಶ. ಪ್ಲೇಟಿನಲ್ಲಿ ತೀರಾ ದಟ್ಟವಾಗಿ ಬೆಳೆಯಲು ಬಿಟ್ಟರೆ ಅವು ಕೈಗಳನ್ನು ಒಳಗೆಳೆದುಕೊಂಡು ಬೇರೆಯವರಾಗಿಬಿಡುತ್ತವೆ. ಅದೂ ಆಗಿರಲಿಲ್ಲ, ಕೈಗಳು ಚೆನ್ನಾಗೇ ಚಾಚಿಕೊಂಡಿದ್ದವು. ಮೂರು ವಾರ ಹೀಗೇ ಹೋಯಿತು. ನನ್ನ ಕೈಯನ್ನು ಮಾತ್ರ ನಾನು ಒಮ್ಮೆಯೂ ಅನುಮಾನಿಸಲಿಲ್ಲ.

ಒಂದು ಸಂಜೆ ಸೀನಿಯರ್ ಒಬ್ಬರು ಕ್ಯಾಲ್ಸಿಯಂ ನೋಡೋಣ ಬಾ ಅಂದರು. ಕೋಶದೊಳಗೆ ಫ್ಲುವೊ-4 ಅನ್ನೋ ಬಣ್ಣ ತುಂಬಿಸುತ್ತಾರೆ. ಕ್ಯಾಲ್ಸಿಯಂ ಏರಿದರೆ ಅದು ಹಸಿರಾಗಿ ಹೊಳೆಯುತ್ತದೆ. ಒತ್ತಡ ಬಿದ್ದಾಗ ಕೋಶದ ಪೊರೆಯಲ್ಲಿ ಪಿಯೆಜೊ1ನಂಥ ಬಾಗಿಲುಗಳು ತೆರೆದುಕೊಂಡು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಈ ಬಾಗಿಲನ್ನು 2010ರಲ್ಲಿ ಪತ್ತೆ ಮಾಡಿದ್ದು ಆರ್ಡೆಮ್ ಪಟಪೂಟಿಯನ್ ಅವರ ಲ್ಯಾಬ್, 2021ರಲ್ಲಿ ಅವರಿಗೆ ನೊಬೆಲ್ ಬಂತು. ಕೋಶದ ಮೊದಲ ಮಾತು ಇದೇ ಕ್ಯಾಲ್ಸಿಯಂ. ಎಟಿಪಿ, ನೈಟ್ರಿಕ್ ಆಕ್ಸೈಡ್‌ನಂಥ ಸಂದೇಶ ಒಯ್ಯುವ ವಸ್ತುಗಳು, ನನ್ನ ಪ್ರೊಸ್ಟಾಗ್ಲಾಂಡಿನ್, ಎಲ್ಲ ಅದರ ಹಿಂದೆ ಬರುವವು.

ರೂಮಿನ ಲೈಟ್ ಆರಿಸಿದೆವು. ಸ್ಕ್ರೀನಿನಲ್ಲಿ ಮಂಕು ಹಸಿರು ನಕ್ಷತ್ರಗಳು. ಪಂಪು ಇನ್ನೂ ಆನ್ ಮಾಡಿರಲಿಲ್ಲ. ನಾನು ಟ್ಯೂಬಿನಲ್ಲಿ ಗುಳ್ಳೆ ಇದೆಯಾ ನೋಡಲು ಕ್ಲಿಪ್ಪನ್ನು ಸ್ವಲ್ಪ ಒತ್ತಿದೆ, ಅಷ್ಟೇ. ಒಂದು ಮೂಲೆಯಲ್ಲಿ ಒಂದು ಕೋಶ ಹೊತ್ತಿಕೊಂಡಿತು. ಪಕ್ಕದ್ದು ಹೊತ್ತಿಕೊಂಡಿತು. ನೋಡನೋಡುತ್ತಾ ಇಡೀ ಸ್ಕ್ರೀನು ದೀಪಾವಳಿ. ಅರ್ಧ ನಿಮಿಷದಲ್ಲಿ ಎಲ್ಲ ಮತ್ತೆ ಮಂಕು. ಸೀನಿಯರ್ ನನ್ನ ಕಡೆ ತಿರುಗಿ ಕೇಳಿದರು: "ಕಂಟ್ರೋಲ್ ಪ್ಲೇಟಿಗೆ ನೀನು ಏನೇನು ಮಾಡ್ತೀಯಾ?"

"ಏನೂ ಮಾಡಲ್ಲ" ಅಂದೆ. ಹೇಳುತ್ತಿದ್ದ ಹಾಗೇ ಹೊಟ್ಟೆಯಲ್ಲಿ ಏನೋ ಕಲಕಿತು.

ಮಾಡುತ್ತಿದ್ದೆ. ಶುರುವಿಗೆ ಮುಂಚೆ ಹಳೇ ಮೀಡಿಯಂ, ಅಂದರೆ ಕೋಶಗಳು ಮುಳುಗಿರುವ ಪೋಷಕ ದ್ರವ, ಎಳೆದು, ಹೊಸದನ್ನು ಪಿಪೆಟ್ಟಿನಿಂದ ಜೋರಾಗಿ ಬಿಡುತ್ತಿದ್ದೆ. ಅದು ನೇರ ಕೋಶಗಳ ನೆತ್ತಿ ಮೇಲೆ ಬೀಳುತ್ತಿತ್ತು. ಹೊಸ ಮೀಡಿಯಂನಲ್ಲಿ ರಕ್ತದಿಂದ ತೆಗೆದ ಸೀರಮ್ ಬೇರೆ ಇರುತ್ತಿತ್ತು, ಅದೊಂದೇ ಸಾಕು ಕೋಶಗಳನ್ನು ಕೆಣಕಲು. ಆಮೇಲೆ ಕಂಟ್ರೋಲ್ ಪ್ಲೇಟನ್ನು ಕೈಯಲ್ಲಿ ಹಿಡಿದು ಕೆಳಗಿನ ಮಹಡಿಯ ಇನ್‌ಕ್ಯುಬೇಟರ್‌ಗೆ (ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ) ಒಯ್ಯುತ್ತಿದ್ದೆ, ಏಕೆಂದರೆ ಮೇಲಿನದು ಯಾವಾಗಲೂ ಭರ್ತಿ. ಮೆಟ್ಟಿಲ ಮೇಲೆ ಯಾರಾದರೂ ಸಿಕ್ಕರೆ ನಿಂತು ಮಾತು. ಪ್ಲೇಟಿನಲ್ಲಿ ಮೀಡಿಯಂ ಕಾಫಿ ಲೋಟದ ಹಾಗೆ ತುಳುಕುತ್ತಿತ್ತು. ಹರಿವು ಕೊಟ್ಟ ಸ್ಲೈಡು ಚೇಂಬರಿನೊಳಗೆ ಭದ್ರವಾಗಿ ಕೂತು, ಲೆಕ್ಕದ 16 ಡೈನ್ ಪಡೆಯುತ್ತಿತ್ತು. ಕಂಟ್ರೋಲ್ ಮಾತ್ರ ಲೆಕ್ಕವಿಲ್ಲದ ಏಟು ತಿನ್ನುತ್ತಿತ್ತು. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ನನ್ನದೇ ಅಕ್ಷರದಲ್ಲಿ "ಸೊನ್ನೆ" ಅಂತ ಬರೆದಿತ್ತು.

ಮುಂದಿನ ವಾರ ಎಲ್ಲ ಬದಲಾಯಿಸಿದೆ. ಕಂಟ್ರೋಲ್ ಸ್ಲೈಡನ್ನೂ ಚೇಂಬರಿಗೇ ಹಾಕಿದೆ, ಅದೇ ಟ್ಯೂಬು, ಅದೇ ಕ್ಲಿಪ್ಪು, ಅದೇ ಟೇಬಲ್ಲು. ಪಂಪು ಮಾತ್ರ ಆಫ್. ಮೀಡಿಯಂ ಅನ್ನು ಗೋಡೆಗೆ ತಾಗಿಸಿ ಹನಿಹನಿಯಾಗಿ ಬಿಟ್ಟೆ. ಸೀರಮ್ ಕಡಿಮೆ ಮಾಡಿದೆ. ಎರಡೂ ಗುಂಪುಗಳನ್ನು ಮೊದಲು ಮುಟ್ಟದೆ ಸುಮ್ನೆ ಬಿಟ್ಟೆ, ಆಮೇಲೆ ಪಂಪು ಶುರು ಮಾಡಿದೆ. ಕಂಟ್ರೋಲಿನ ಕಂಬ ಕೆಳಗಿಳಿಯಿತು. ಹರಿವಿನ ಕಂಬ ಎಲ್ಲಿತ್ತೋ ಅಲ್ಲೇ ನಿಂತಿತು. ಅದು ಮೊದಲಿಂದಲೂ ಸರಿಯಾಗೇ ಇತ್ತು!

ಒಂದು ಖುಷಿಯ ಜೊತೆ ಇನ್ನೊಂದು ಪಾಠವೂ ಸಿಕ್ಕಿತು. ಆಸೆಗೆ ಬಿದ್ದು ಅದೇ ಸ್ಲೈಡಿಗೆ ತಕ್ಷಣ ಎರಡನೇ ಸಲ ಹರಿವು ಕೊಟ್ಟೆ. ಈ ಸಲ ಕ್ಯಾಲ್ಸಿಯಂ ಹೊಳಪು ಅಷ್ಟಕ್ಕಷ್ಟೆ. ಕೆಟ್ಟುಹೋದವಾ ಅಂತ ಹೆದರಿದೆ. ಕೆಟ್ಟಿರಲಿಲ್ಲ, ಕಿವಿ ಮುಚ್ಚಿಕೊಂಡಿದ್ದವು. ಇದು ಜೀವಂತ ಮೂಳೆಯಲ್ಲೂ ಗೊತ್ತಿರುವ ವಿಷಯ. 1984ರಲ್ಲಿ ರೂಬಿನ್ ಮತ್ತು ಲ್ಯಾನ್ಯನ್ ಹಕ್ಕಿಗಳ ರೆಕ್ಕೆ ಮೂಳೆಗೆ ದಿನಾ ಭಾರ ಹಾಕಿ ನೋಡಿದರು. ದಿನಕ್ಕೆ 36 ಸಲ ಒತ್ತಿದರೆ ಮೂಳೆ ಬೆಳೆಯಿತು. ಅದನ್ನು 1,800 ಸಲಕ್ಕೆ ಏರಿಸಿದರೂ ಹೆಚ್ಚಿಗೆ ಏನೂ ಸಿಗಲಿಲ್ಲ. ಆಮೇಲೆ ಅಲೆಕ್ಸಾಂಡರ್ ರೋಬ್ಲಿಂಗ್ ಮತ್ತು ಜೊತೆಗಾರರು ಇಲಿಗಳಲ್ಲಿ, ದಿನದ 360 ಸಲವನ್ನು ಒಂದೇ ಉಸಿರಿಗೆ ಮುಗಿಸುವ ಬದಲು 90ರಂತೆ ನಾಲ್ಕು ಕಂತು ಮಾಡಿ ಮಧ್ಯೆ ಗಂಟೆಗಟ್ಟಲೆ ಬಿಡುವು ಕೊಟ್ಟರು. ಅಷ್ಟೇ ಭಾರ, ಮೂಳೆ ಮಾತ್ರ ಜಾಸ್ತಿ. ಅಲ್ಲಾಡದೆ ಒಂದೇ ಸಮ ಹೊರಿಸಿಟ್ಟ ಭಾರಕ್ಕಂತೂ ಮೂಳೆ ಬೆಳೆಯುವ ಉತ್ಸಾಹವನ್ನೇ ತೋರಿಸುವುದಿಲ್ಲ. ಅದಕ್ಕೆ ಬೇಕಿರುವುದು ಏರಿಳಿತ.

ಇಷ್ಟೆಲ್ಲ ಯಾಕೆ ಒದ್ದಾಡುತ್ತೇವೆ ಅಂದರೆ, ಕಥೆಯ ಕೊನೆಯಲ್ಲಿ ಸ್ಕ್ಲೆರೋಸ್ಟಿನ್ ಅನ್ನೋ ಪ್ರೋಟೀನ್ ಕೂತಿದೆ. ಆಸ್ಟಿಯೋಸೈಟ್ ತಯಾರಿಸುವ ಬ್ರೇಕ್ ಅದು, ಮೂಳೆ ಕಟ್ಟುವುದನ್ನು ತಡೆಯುತ್ತದೆ. ಭಾರ ಬಿದ್ದ ಜಾಗದಲ್ಲಿ ಕೋಶ ಬ್ರೇಕಿನಿಂದ ಕಾಲು ತೆಗೆಯುತ್ತದೆ. ಭಾರವೇ ಇಲ್ಲದಿದ್ದರೆ ಒತ್ತುತ್ತದೆ. ಬಾಹ್ಯಾಕಾಶದಲ್ಲಿ ಇರುವವರ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ 1ರಿಂದ 1.5ರಷ್ಟು ಸವೆಯುತ್ತದಲ್ಲ, ಅಲ್ಲೂ ಈ ಕೋಶಗಳ ಕೈವಾಡ ಇದೆ. ಈ ಬ್ರೇಕನ್ನೇ ತಡೆಯುವ ರೊಮೊಸೊಜುಮ್ಯಾಬ್ ಅನ್ನೋ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು.

ಗುಂಪಿನ ಮೀಟಿಂಗಿನಲ್ಲಿ ಹಳೇ ಡೇಟಾ ಎಲ್ಲ ತೆಗೆದುಹಾಕುತ್ತೇನೆ ಅಂತ ಹೇಳುವಾಗ ಗಂಟಲು ಒಣಗಿತ್ತು. ಬೈಗುಳಕ್ಕೆ ಕಾಯುತ್ತಿದ್ದೆ. ಗೈಡ್ ಕೇಳಿದ್ದು ಒಂದೇ: "ಮೆಟ್ಟಿಲು ಎಷ್ಟು?" ಎಣಿಸಿರಲಿಲ್ಲ. ಆಮೇಲೆ ಹೋಗಿ ಎಣಿಸಿದೆ, 22. ನೋಟ್‌ಬುಕ್ಕಿನಲ್ಲಿ "ಸೊನ್ನೆ" ಅಂತ ಇದ್ದ ಕಡೆ ಅದನ್ನೂ ಬರೆದಿಟ್ಟೆ.

ಈಗ ಮೇಲಿನ ಇನ್‌ಕ್ಯುಬೇಟರಿನಲ್ಲಿ ಒಂದು ಶೆಲ್ಫ್ ನನ್ನ ಕಂಟ್ರೋಲಿಗೇ ಮೀಸಲು. ಬಾಗಿಲ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿದ್ದೇನೆ: "ಮೆಲ್ಲಗೆ ಮುಚ್ಚಿ." ಹೊಸದಾಗಿ ಸೇರಿದವರು ಒಳಗೆ ಮಗು ಮಲಗಿದೆಯಾ ಅಂತ ನಗುತ್ತಾರೆ. ಅವರನ್ನು ಕತ್ತಲೆ ರೂಮಿಗೆ ಕರೆದುಕೊಂಡು ಹೋಗಿ, ಸ್ಕ್ರೀನ್ ಮುಂದೆ ಕೂರಿಸಿ, ಕ್ಲಿಪ್ಪನ್ನು ಒಂದೇ ಒಂದು ಸಲ ಒತ್ತಿ ತೋರಿಸುತ್ತೇನೆ.