ಸ್ಟೆರಾಯ್ಡ್ ಯಾವಾಗ, ಆಕ್ಸಿಜನ್ ಎಷ್ಟು

ಕೋವಿಡ್ ವೈರಸ್ಸಿನ ಸಂಬಂಧಿ ವೈರಸ್ಸಿನಿಂದ ಬಂದ 2003ರ ಸಾರ್ಸ್ ರೋಗಕ್ಕೆ ಹಾಂಗ್‌ಕಾಂಗ್ ವೈದ್ಯರು ರೈಬಾವೈರಿನ್ ಎಂಬ ವೈರಸ್ ನಿರೋಧಕ ಔಷಧಿಯ ಜೊತೆ, ಉರಿಯೂತವನ್ನೂ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುವ ಸ್ಟೆರಾಯ್ಡನ್ನು ಭಾರೀ ಪ್ರಮಾಣದಲ್ಲಿ ಕೊಟ್ಟರು. ಬೀಜಿಂಗಿನಲ್ಲೂ ಸ್ಟೆರಾಯ್ಡ್ ಧಾರಾಳವಾಗಿತ್ತು. ಬದುಕುಳಿದ ಎಷ್ಟೋ ಜನರ ಸೊಂಟದ ಕೀಲಿನ ಮೂಳೆ ಆಮೇಲೆ ರಕ್ತ ಸಿಗದೆ ಸತ್ತು ಕುಸಿಯಿತು. ಗುವಾಂಗ್‌ಝೌನ ಶ್ವಾಸಕೋಶ ತಜ್ಞ ಝೋಂಗ್ ನಾನ್‌ಶಾನ್ ಸ್ಟೆರಾಯ್ಡನ್ನು ಅಳೆದು ಕೊಡಬೇಕೆಂದರು, ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವುದಕ್ಕೂ ಒತ್ತು ಕೊಟ್ಟರು.

ಕೋವಿಡ್‌ನಲ್ಲಿ ಸ್ಟೆರಾಯ್ಡ್ ಯಾರಿಗೆ, ಎಷ್ಟು ಎಂಬ ಈ ವಾದ ಬಗೆಹರಿದದ್ದು 2020ರ ಜೂನ್‌ನಲ್ಲಿ, ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಔಷಧ ಪ್ರಯೋಗದಿಂದ. ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ವೆಂಟಿಲೇಟರಿನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಆಕ್ಸಿಜನ್ ಬೇಡದವರಿಗೆ ಮಾತ್ರ ಏನೂ ಲಾಭವಿಲ್ಲ. ಮೊದಲ ವಾರ ವೈರಸ್ಸಿನದು, ಆಗ ರೋಗನಿರೋಧಕ ಶಕ್ತಿಯ ಕೈ ಕಟ್ಟಬಾರದು. 2021ರಲ್ಲಿ ನಮ್ಮ ದೇಶದಲ್ಲಿ ಜ್ವರ ಬಂದ ಎರಡನೇ ದಿನಕ್ಕೇ ಸ್ಟೆರಾಯ್ಡ್ ನುಂಗಿದವರು ಬಹಳ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರಿತು, ಕಪ್ಪು ಶಿಲೀಂಧ್ರಕ್ಕೆ ದಾರಿಯಾಯಿತು.

ಉತ್ತರ ಕನ್ನಡಕ್ಕೆ ಇದರ ಜೊತೆ ದೂರದ ಲೆಕ್ಕವೂ ಬೇಕು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಕಾರವಾರದ ದೊಡ್ಡಾಸ್ಪತ್ರೆ ಮುಟ್ಟಲು ಮೂರು ತಾಸು ಹಿಡಿಯಿರಿ. ಆಂಬುಲೆನ್ಸಿನಲ್ಲಿಡುವ ಬಿ ಟೈಪ್ ಸಿಲಿಂಡರಿನಲ್ಲಿ ಇರುವ ಆಕ್ಸಿಜನ್ ಸುಮಾರು 1,500 ಲೀಟರ್. ಮೂಗಿನ ನಳಿಗೆಯಲ್ಲಿ ನಿಮಿಷಕ್ಕೆ 5 ಲೀಟರಾದರೆ ಐದು ತಾಸು ಬರುತ್ತದೆ. ಚೀಲವಿರುವ ಮಾಸ್ಕಿಗೆ ಕನಿಷ್ಠ 10 ಲೀಟರ್ ಬೇಕು, ಅಂದರೆ ಎರಡೂವರೆ ತಾಸಿಗೇ ಖಾಲಿ. ಘಟ್ಟ ದಾಟಿರುತ್ತೀರಿ, ಕಾರವಾರ ಬಂದಿರುವುದಿಲ್ಲ. ಆದ್ದರಿಂದ ಎರಡು ಸಿಲಿಂಡರ್, ತಿರುವಲು ಕೀಲಿ, ರೆಗ್ಯುಲೇಟರಿಗೆ ಒಂದು ಹೆಚ್ಚಿನ ವಾಷರ್. ವಾಷರ್ ಸವೆದಿದ್ದರೆ ಸುಯ್ಯೆಂದು ಸೋರುತ್ತದೆ, ಲೆಕ್ಕವೆಲ್ಲ ತಪ್ಪುತ್ತದೆ. ಮಾಸ್ಕಿನ ಚೀಲ ಉಬ್ಬಿದ ಮೇಲೆಯೇ ಮುಖಕ್ಕೆ ಹಾಕಬೇಕು. ಉಸಿರೆಳೆದಾಗ ಚೀಲ ಪೂರ್ತಿ ಚಪ್ಪಟೆಯಾದರೆ ಹರಿವು ಸಾಲದು.

ಹೊರಡುವುದು ಯಾವಾಗ? ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಶೇಕಡಾ 94ಕ್ಕಿಂತ ಕೆಳಗೆ ನಿಂತರೆ ಆಸ್ಪತ್ರೆ, 90ಕ್ಕಿಂತ ಕೆಳಗಾದರೆ ತಡಮಾಡದೆ ಆಂಬುಲೆನ್ಸ್. ಕೂತಾಗ 96 ಇದ್ದವರನ್ನೂ ಮನೆಯೊಳಗೇ ಆರು ನಿಮಿಷ ನಡೆಸಿ ನೋಡಿ, ಮೂರು ಅಂಕ ಇಳಿದರೆ ಅದೇ ಎಚ್ಚರಿಕೆ. ಕೂತಾಗಲೇ ಏದುಸಿರಿದ್ದರೆ ನಡೆಸಲೇಬೇಡಿ. ಉಗುರುಬಣ್ಣ ತೆಗೆದು, ತಣ್ಣನೆಯ ಬೆರಳನ್ನು ಉಜ್ಜಿ ಬಿಸಿಮಾಡಿ, ಅಂಕಿ ನಿಲ್ಲುವ ತನಕ ಒಂದು ನಿಮಿಷ ಕಾಯಬೇಕು. ಕಪ್ಪು ಚರ್ಮದಲ್ಲಿ ಈ ಯಂತ್ರ ಇದ್ದುದಕ್ಕಿಂತ ಹೆಚ್ಚು ತೋರಿಸುವುದುಂಟು, ಹಾಗಾಗಿ ಅಂಚಿನ ಅಂಕಿಯನ್ನು ನಂಬಿ ಕೂರಬಾರದು.

ಶುಂಠಿ-ಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಆದರೆ ಇಳಿದ ಆಕ್ಸಿಜನ್ನನ್ನು ಅದು ಏರಿಸುವುದಿಲ್ಲ. ಆಂಬುಲೆನ್ಸ್ ಬರುವ ತನಕ, ಎಚ್ಚರವಿರುವ ರೋಗಿಯನ್ನು ಎದೆಗೂ ಸೊಂಟಕ್ಕೂ ದಿಂಬು ಕೊಟ್ಟು ಬೋರಲು ಮಲಗಿಸಿ. ಗರ್ಭಿಣಿಯರಿಗೆ ಮಾತ್ರ ಇದು ಬೇಡ, ಎಡಮಗ್ಗುಲು ಸಾಕು.