ಹಕ್ಕಿ ನೋಡಲು ಹೋಗಿ ಸೊಳ್ಳೆ ಕಡಿಸಿಕೊಂಡೆವು: ಕೊಕ್ಕರೆಬೆಳ್ಳೂರು, ರಂಗನತಿಟ್ಟು

ಮೊದಲೇ ಹೇಳಿಬಿಡುತ್ತೇನೆ. ಕೊಕ್ಕರೆಬೆಳ್ಳೂರಿಗೆ ಸಂಜೆ ಐದೂವರೆಗೆ, ಅದರಲ್ಲೂ ಚಡ್ಡಿ ಹಾಕಿಕೊಂಡು ಹೋಗಬೇಡಿ. ನಾನು ಹೋದೆ. ಫೆಬ್ರವರಿ ತಿಂಗಳು, ಹುಣಸೆ ಮರದ ತುಂಬ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ. ಕತ್ತೆತ್ತಿ ನಿಂತರೆ ಮೇಲಿಂದ ಹಿಕ್ಕೆ, ಕೆಳಗಿಂದ ಸೊಳ್ಳೆ.

"ಅಪ್ಪ, ಹಕ್ಕಿಗೂ ಸೊಳ್ಳೆ ಕಚ್ಚುತ್ತಾ?" ಮಗಳು ಕೇಳಿದಳು. ಜಗಲಿ ಮೇಲೆ ಕೂತಿದ್ದ ಅಜ್ಜಿ ನಕ್ಕರು. "ಕಚ್ಚದೆ ಬುಡ್ತದಾ ಮಗ? ಮರಿಗೆ ಪುಕ್ಕ ಬರೋಗಂಟ ಮೈಯೆಲ್ಲ ಬರೀ ಚರ್ಮ."

ಅಜ್ಜಿ ಹೇಳಿದ್ದು ಸರಿ. ದೊಡ್ಡ ಹಕ್ಕಿಗಾದರೆ ಕಣ್ಣಿನ ಸುತ್ತ, ಕಾಲಿಗೆ ಕಚ್ಚುತ್ತವೆ. ಹಕ್ಕಿಗಳಿಗೂ ಮಲೇರಿಯಾ ಬರುತ್ತದೆ. ನಮ್ಮದು ಅನಾಫಿಲಿಸ್ ಸೊಳ್ಳೆಯಿಂದ, ಅವುಗಳದ್ದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆಯಿಂದ. ಚರಂಡಿಯಲ್ಲಿ ಹುಟ್ಟಿ ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುತ್ತಲ್ಲ, ಅದೇ. ಹಕ್ಕಿಯ ಮಲೇರಿಯಾ ನಮಗೆ ಅಂಟುವುದಿಲ್ಲ, ಮಕ್ಕಳನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅನ್ನುವುದನ್ನು 1898ರಲ್ಲಿ ಕಲ್ಕತ್ತಾದಲ್ಲಿ ಹಕ್ಕಿಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿದವರು ರೊನಾಲ್ಡ್ ರಾಸ್. ಅದಕ್ಕೂ ಮೊದಲು ಬೆಂಗಳೂರಿನಲ್ಲೂ ಡಾಕ್ಟರಾಗಿದ್ದವರು.

ಆ ರಾತ್ರಿ ಶ್ರೀರಂಗಪಟ್ಟಣದ ಒಂದು ಲಾಡ್ಜಿನಲ್ಲಿ ಉಳಿದೆವು. ಕಿಟಕಿಯ ಜಾಲರಿ ಹರಿದಿತ್ತು. ನಿದ್ದೆ ಬರಲಿಲ್ಲ, ಮಗಳಿಗೆ ಹವಾಯಿ ದ್ವೀಪದ ಕಥೆ ಹೇಳಿದೆ. ಅಲ್ಲಿ ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಒಂದು ಹಡಗಿನ ಪೀಪಾಯಿ ನೀರಿನ ಜೊತೆ ಈ ಕ್ಯೂಲೆಕ್ಸ್ ಇಳಿಯಿತಂತೆ. ಆಮೇಲೆ ಹೊರಗಿನಿಂದ ತಂದ ಹಕ್ಕಿಗಳ ಜೊತೆ ಮಲೇರಿಯಾನೂ ಬಂತು. ಅಲ್ಲಿನ ಹನಿಕ್ರೀಪರ್ ಎಂಬ ಪುಟ್ಟ ಹಕ್ಕಿಗಳಿಗೆ ಈ ರೋಗದ ಪರಿಚಯವೇ ಇಲ್ಲ. 50ಕ್ಕೂ ಹೆಚ್ಚು ಜಾತಿ ಇದ್ದದ್ದು ಈಗ 17ಕ್ಕೆ ಬಂದಿದೆ. ಕಾಡು ಕಡಿದದ್ದು, ಇಲಿ, ಬೆಕ್ಕು ಕೂಡ ಕಾರಣ, ಆದರೆ ಸೊಳ್ಳೆಯ ಪಾಲು ದೊಡ್ಡದು. ಈಈವಿ ಅನ್ನುವ ಕೆಂಪು ಹಕ್ಕಿಗೆ ರೋಗ ಹೊತ್ತ ಸೊಳ್ಳೆ ಒಮ್ಮೆ ಕಚ್ಚಿದರೂ ಹತ್ತರಲ್ಲಿ ಒಂಬತ್ತು ಸಾಯುತ್ತವೆ. ಉಳಿದವು ಸೊಳ್ಳೆ ಹತ್ತದ ತಣ್ಣನೆ ಬೆಟ್ಟದ ಮೇಲೆ ಬದುಕಿವೆ. ಈಗ ಬಿಸಿಲು ಜಾಸ್ತಿಯಾಗಿ ಸೊಳ್ಳೆ ಅಲ್ಲಿಗೂ ಹತ್ತುತ್ತಿದೆ. 2023ರಿಂದ ಅಲ್ಲಿ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆ ಬಿಡುತ್ತಿದ್ದಾರೆ. ಅವುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಗಂಡು ಹೇಗೂ ಕಚ್ಚುವುದಿಲ್ಲ, ಅಲ್ವಾ.

"ಮತ್ತೆ ನಮ್ಮ ಹೆಜ್ಜಾರ್ಲೆ ಯಾಕೆ ಸಾಯಲ್ಲ?" ಇಲ್ಲಿ ಹಕ್ಕಿ, ಸೊಳ್ಳೆ, ರೋಗಾಣು ಬಹಳ ಕಾಲದಿಂದ ಜೊತೆಗೇ ಇವೆ. ರಕ್ತದಲ್ಲಿ ರೋಗಾಣು ಇಟ್ಟುಕೊಂಡೇ ಎಷ್ಟೋ ಹಕ್ಕಿ ಆರಾಮಾಗಿ ಓಡಾಡಿಕೊಂಡಿರುತ್ತವೆ. ಬಡಕಲು ಮರಿಗಳಿಗೆ ಕಷ್ಟ.

ಮರುದಿನ ರಂಗನತಿಟ್ಟಿಗೆ ಗೇಟು ತೆಗೆಯುವ ಹೊತ್ತಿಗೇ ಹೋದೆವು. ನೀವೂ ಹಾಗೇ ಮಾಡಿ, ದೋಣಿಗೆ ಸಾಲು ಇರುವುದಿಲ್ಲ. ಶ್ರೀರಂಗಪಟ್ಟಣದಿಂದ 4 ಕಿ.ಮೀ., ಮೈಸೂರಿನಿಂದ ಸುಮಾರು 18. ಪಕ್ಷಿತಜ್ಞ ಸಲೀಂ ಅಲಿ ಹೇಳಿದ್ದರಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ದೋಣಿಯಲ್ಲಿ ಒಂದು ಸೊಳ್ಳೆಯೂ ಕಚ್ಚಲಿಲ್ಲ! ಹರಿಯುವ ಕಾವೇರಿಯಲ್ಲಿ ಕ್ಯೂಲೆಕ್ಸ್ ಮೊಟ್ಟೆ ಇಡುವುದಿಲ್ಲ. ದಡಕ್ಕೆ ಬಂದರೆ ನಮ್ಮ ಜನ ಎಸೆದ ಎಳನೀರು ಬುರುಡೆ, ಕಾಗದದ ಲೋಟ. ಸೊಳ್ಳೆಗೆ ಅಷ್ಟು ನೀರು ಸಾಕು. ಬುರುಡೆ ಕಂಡರೆ ಕಾಲಲ್ಲಿ ಮಗುಚಿ ಹಾಕಿ. ನೀರಿಗೆ ಮಾತ್ರ ಕೈ ಇಳಿಬಿಡಬೇಡಿ, ಮೊಸಳೆ ಇವೆ.

ದುರ್ಬೀನು ಇದ್ದರೆ ಕೊಕ್ಕಿನ ಬುಡ, ಕಾಲು ನೋಡಿ. ಅಲ್ಲಿ ಗಂಟುಗಂಟು ಇದ್ದರೆ ಹಕ್ಕಿಯ ಸಿಡುಬು ಇರಬಹುದು, ಅದನ್ನೂ ಸೊಳ್ಳೆ ಹರಡುತ್ತದೆ. ನಮಗೆ ಒಂದೂ ಕಾಣಲಿಲ್ಲ. ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಯವರಿಗೆ ತಿಳಿಸಿ.

ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ದುರ್ಬೀನು ಹಿಡಿಯಬೇಡಿ. ಅದರಲ್ಲಿ ಡೀಟ್ ಅನ್ನುವ ರಾಸಾಯನಿಕ ಇದ್ದರೆ ಪ್ಲಾಸ್ಟಿಕ್ ಅಂಟಂಟಾಗುತ್ತದೆ. ನನ್ನದು ಆಗಿದೆ. ತುಂಬು ತೋಳಿನ ಮಾಸಲು ಅಂಗಿ ಹಾಕಿ. ಗೂಡಿನ ಕಾಲ ಡಿಸೆಂಬರ್‌ನಿಂದ ಮೇ. ಮಳೆಗಾಲದಲ್ಲಿ ಕೆಆರ್‌ಎಸ್ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಬೆಂಗಳೂರಿನಿಂದ ಬರುವವರು ಕೊಕ್ಕರೆಬೆಳ್ಳೂರಿಗೆ ಮದ್ದೂರಿಗಿಂತ ಮೊದಲೇ ತಿರುಗಬೇಕು. ಎಕ್ಸ್‌ಪ್ರೆಸ್‌ವೇಯಲ್ಲೇ ಹೋದರೆ ತಿರುವು ತಪ್ಪಿಹೋಗುತ್ತದೆ, ಸರ್ವಿಸ್ ರಸ್ತೆ ಹಿಡಿಯಿರಿ. ಮದ್ದೂರು ವಡೆ ವಾಪಸು ಬರುವಾಗ ತಿಂದರಾಯಿತು. ಲಾಡ್ಜಿನಲ್ಲಿ ದುಡ್ಡು ಕೊಡುವ ಮುಂಚೆ ಜಾಲರಿಗೆ ಒಮ್ಮೆ ಬೆರಳು ಆಡಿಸಿ ನೋಡಿ.